ರುಚಿ ನೋಡಲು ಹೋದ ನಾಲ್ವರು

೧೯೪೧ರ ಮಾರ್ಚ್ ೧೮, ಸಂಜೆ ಆರೂವರೆ. ಮಳವಳ್ಳಿ ಠಾಣೆಗೆ ಹೆಂಡದ ಗುತ್ತಿಗೆದಾರ ಸಣ್ಣಯ್ಯ ಏದುಸಿರು ಬಿಡುತ್ತ ಬಂದ. ತನ್ನ ಜೊತೆಯ ಗುತ್ತಿಗೆದಾರ ಕೆಂಪಸಿದ್ದಯ್ಯ ಊರಾಚೆಯ ಈಚಲು ತೋಪಿನಲ್ಲಿ ಹೆಂಡ ಕುಡಿದು ಬಿದ್ದಿದ್ದಾನೆ, ಯಾರೋ ವಿಷವಿಟ್ಟಿದ್ದಾರೆ ಎಂದು ದೂರು ಕೊಟ್ಟ. ಇನ್‌ಸ್ಪೆಕ್ಟರ್ ಮಹದೇವಯ್ಯ ಎಫ್.ಐ.ಆರ್. ಬರೆಸಿ, ಕಾನ್‌ಸ್ಟೇಬಲ್ ಅಂಕಯ್ಯನೊಡನೆ ಹೊರಟರು.

ಅಬಕಾರಿ ಹರಾಜು ಹತ್ತಿರ ಬಂದಿತ್ತು. ಯಾವ ತೋಪಿನ ಹೆಂಡ ಹೇಗಿದೆಯೆಂದು ನೋಡಲು ಪ್ರತಿ ವರ್ಷದಂತೆ ಇವರಿಬ್ಬರೂ ಸೇರಿ ನಾಲ್ವರು ಗುತ್ತಿಗೆದಾರರು ಬಾಡಿಗೆ ಮೋಟಾರಿನಲ್ಲಿ ತಿರುಗಾಟ ಹೊರಟಿದ್ದರು. ಬೆಳಿಗ್ಗೆ ಬಸರಾಳು, ಮಧ್ಯಾಹ್ನ ನಿಡಘಟ್ಟ, ಕಡೆಗೆ ಮಳವಳ್ಳಿ.

ತೋಪಿನಲ್ಲಿ ಜನ ಸೇರಿ, ಹೆಂಡ ಇಳಿಸುವ ಮರಿಯಯ್ಯನನ್ನು ಮರಕ್ಕೆ ಕಟ್ಟಿ ಹಾಕಿ ಬಡಿದಿದ್ದರು. ಅವನ ತುಟಿ ಒಡೆದಿತ್ತು. ಮಹದೇವಯ್ಯ ಕಟ್ಟು ಬಿಚ್ಚಿಸಿದರು.

"ಏನು ಹಾಕಿದೆ?"

"ದೇವ್ರಾಣೆ ಏನೂ ಇಲ್ಲ ಬುದ್ದಿ. ಒಂದೇ ಮಡ್ಕೇದು ನಾಲ್ಕ್ ಜನಕ್ಕೂ ಉಯ್ದೆ. ಈ ಬಿದ್ದೋದ ಧಣಿ ಮೋಟಾರ್ ಇಳೀತಿದ್ದಂಗೇ ತೊದುಲ್ತಿದ್ರು."

ಮಹದೇವಯ್ಯ ಸಣ್ಣಯ್ಯನ ಕಡೆ ತಿರುಗಿದರು. "ಹೌದೇನಯ್ಯ?"

"ಊಂ ಸ್ವಾಮಿ. ಮದ್ದೂರು ದಾಟ್ತಿದ್ದಂಗೆ ಬಾಯಿ ಒಣಗ್ತದೆ ಅಂತಿದ್ರು. ಬಿಸ್ಲಿಗೆ ಅಂದ್ಕಂಡೊ."

ಪಂಚರ ಎದುರಿಗೆ ಮಡಕೆಗೆ ಮೊಹರು ಹಾಕಿ ಪಂಚನಾಮೆ ಮಾಡಿದರು. ಜನರ ಸಿಟ್ಟು ಇಳಿದಿರಲಿಲ್ಲವಾದ್ದರಿಂದ ಮರಿಯಯ್ಯನನ್ನು ಠಾಣೆಯಲ್ಲೇ ಕೂರಿಸಿದರು. ಆಸ್ಪತ್ರೆಯ ಡಾಕ್ಟರು ಅಲ್ಲಿಗೆ ಸಾಗಿಸಿದ್ದ ಕೆಂಪಸಿದ್ದಯ್ಯನ ರೆಪ್ಪೆ ಎತ್ತಿ ತೋರಿಸಿ, "ಪಾಪೆ ಎಷ್ಟು ಅಗಲವಾಗಿದೆ ನೋಡಿ. ಉಮ್ಮತ್ತಿ, ಅಂದರೆ ದತ್ತೂರಿ ಬೀಜ ಇರಬೇಕು. ಇದು ಮಳವಳ್ಳಿಯಲ್ಲಿ ಹೊಟ್ಟೆಗೆ ಹೋದದ್ದಲ್ಲ, ಅದಕ್ಕೆ ಮುಂಚೆಯೇ ಹೋಗಿದೆ" ಎಂದರು. ಬೆಳಗಾಗುವಷ್ಟರಲ್ಲಿ ಕೆಂಪಸಿದ್ದಯ್ಯ ತೀರಿಕೊಂಡ. ಎಫ್.ಐ.ಆರ್.ಗೆ ಕೊಲೆಯ ಕಲಮು ಸೇರಿತು. ಮರಿಯಯ್ಯ ಮನೆಗೆ ಹೋದ.

"ನಿಡಘಟ್ಟದಲ್ಲಿ ಕೆಂಪಸಿದ್ದಯ್ಯ ಬೇರೆ ಏನಾದರೂ ಕುಡಿದನೆ?" ಮಹದೇವಯ್ಯ ಸಣ್ಣಯ್ಯನನ್ನು ಮತ್ತೆ ಕೇಳಿದರು.

"ಅಲ್ಲಿ ಎಂಡ ಉಯ್ಯೋ ಚಿಕ್ಕನಂಜಮ್ಮ ಅವ್ರಿಗೊಂದು ಸೋರೆಬುರುಡೇಲಿ ಎಂಡ ಬ್ಯಾರೆ ತಂದ್ಕೊಟ್ಲು. ನಿಮ್ಗೇ ಅಂತ ತೆಗ್ದಿಟ್ಟಿವ್ನಿ ಧಣಿ ಅಂದ್ಲು. ಮುಂಚೆ ಅವ್ರ ಅಂಗ್ಡೀಲಿ ಕೆಲ್ಸಕ್ಕಿದ್ದೋಳು. ಇವ್ರು ಕುಸಿಯಾಗಿ ಕುಡುದ್ರು."

ಹತ್ತು ಗಂಟೆಗೆ ಅವರು ನಿಡಘಟ್ಟದಲ್ಲಿದ್ದರು. ಚಿಕ್ಕನಂಜಮ್ಮನ ಗುಡಿಸಲ ಹಿಂದಿನ ಒರಳಿನಲ್ಲಿ ಉಮ್ಮತ್ತಿಯ ಸಿಪ್ಪೆ ಇನ್ನೂ ಅಂಟಿಕೊಂಡಿದ್ದದ್ದನ್ನು ಅಂಕಯ್ಯ ಕೆರೆದು ತಂದ. ಅವಳು ಓಡಲಿಲ್ಲ. ಬಾಗಿಲಲ್ಲೇ ಕುಳಿತಿದ್ದಳು.

"ಅವನಿಗೊಬ್ಬನಿಗೇ ಬೇರೆ ಬುರುಡೆ ಯಾಕೆ ಕೊಟ್ಟೆ?"

"ಮಿಕ್ಕೋರು ನಂಗೇನ್ ಮಾಡಿದ್ರು ಬುದ್ದಿ?"

ಅಂಕಯ್ಯ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ.

"ಅವನು ಏನು ಮಾಡಿದ?"

ಅವಳು ಹೇಳಿದಳು. ಮದ್ದೂರಿನ ತನ್ನ ಅಂಗಡಿಯಲ್ಲಿ ಕೆಂಪಸಿದ್ದಯ್ಯ ಹೆಂಡಕ್ಕೆ ನೀರು ಬೆರೆಸುತ್ತಿದ್ದ. ಅಮಲು ಕಡಿಮೆಯಾಗದಂತೆ ಉಮ್ಮತ್ತಿ ಹಾಕಿಸುತ್ತಿದ್ದ. ಒಂದು ಚಿಟಿಕೆಗೆ ಏನೂ ಆಗುವುದಿಲ್ಲ ಎಂದು ಅವಳಿಂದಲೇ ಬೀಜ ಅರೆಸುತ್ತಿದ್ದ. ಹೋದ ಶ್ರಾವಣದಲ್ಲಿ ಅವಳು ಜ್ವರ ಬಂದು ಮಲಗಿದ್ದ ದಿನ, ಅವಳ ಒಬ್ಬನೇ ಮಗ ಕರಿಸಿದ್ದಯ್ಯ ಗೆಳೆಯರೊಡನೆ ಆ ಅಂಗಡಿಗೆ ಹೋಗಿದ್ದ. ಮನೆಗೆ ಬಂದವನು ಗಾಳಿಯಲ್ಲಿ ಏನನ್ನೋ ಹಿಡಿಯುತ್ತ, ಅಮ್ಮನನ್ನು ನೂಕಿಕೊಂಡು ಹೋಗಿ ನಾಲೆಗೆ ಬಿದ್ದ. ಕುಡುಕ, ಸತ್ತ ಎಂದರು ಊರವರು.

"ಧಣೀನ ಕೇಳ್ದೆ. ನಿನ್ ಮಗ ಜಾಸ್ತಿ ಕುಡ್ದ ಕಣಮ್ಮ, ನಾನೇನ್ ಮಾಡ್ಲಿ ಅಂತ ನಕ್ರು. ಬೀಜ ಅರ್ದಿಟ್ಟೋಳು ನಾನು. ನಂಗೆ ಸಿಕ್ಸೆ ಆಗ್ಲಿ ಬುದ್ದಿ. ಅವ್ರಿಗ್ಯಾರು ಕೊಟ್ಟಾರು?"

ಮಹದೇವಯ್ಯ ದಸ್ತಗಿರಿ ಮಾಡುತ್ತಿರುವುದಾಗಿ ಹೇಳಿದರು. ಮದ್ದೂರಿನ ಅಂಗಡಿಗೆ ಬೀಗ ಹಾಕಿಸಿ ಮಡಕೆಗಳನ್ನೆಲ್ಲ ವಶಪಡಿಸಿಕೊಳ್ಳುವಂತೆ ಅಂಕಯ್ಯನನ್ನು ಕಳಿಸಿದರು.

ಚಿಕ್ಕನಂಜಮ್ಮ ಸೆರಗು ಹೊದ್ದು ಎದ್ದಳು. ಎರಡು ಹೆಜ್ಜೆ ಇಟ್ಟು ನಿಂತಳು.

"ಕಡೇಗಾಲ್ದಲ್ಲಿ ಅವ್ರು ಯಾರ್ನಾದ್ರೂ ಗುರ್ತು ಹಿಡುದ್ರಾ ಬುದ್ದಿ?"

ರಾತ್ರಿ ಗುತ್ತಲು ಊರಿನಿಂದ ಓಡಿಬಂದ ಕೆಂಪಸಿದ್ದಯ್ಯನ ಹೆಂಡತಿ ಆಸ್ಪತ್ರೆಯ ಮಂಚದ ಪಕ್ಕ ಕೂತು ಕೂಗಿದ್ದಳು. ಅವನು ಅವಳ ಕೈಯನ್ನು ಕೊಡವಿಹಾಕಿದ್ದ.

"ಇಲ್ಲ," ಎಂದರು ಮಹದೇವಯ್ಯ.

"ನನ್ ಮಗ್ನೂ ಹಿಡೀನಿಲ್ಲ," ಎಂದಳು ಅವಳು. ಆ ಮಾತಿನಲ್ಲಿ ಗೆದ್ದ ಸಂತೋಷವಿರಲಿಲ್ಲ. ಸೆರಗು ಎಳೆದುಕೊಂಡು ಅವರ ಮುಂದೆ ನಡೆದಳು.