ಬೇವಿನ ಮರದ ಕೆಳಗಿನ ಚಿರತೆ

"ನಾ ಅಂತೂ ಒಳಗ ಕಾಲಿಡೂದಿಲ್ಲ," ಎಂದು ಸರ್ವರಬೇಗಂ ಕುಡುಗೋಲನ್ನು ಬದುವಿನ ಮೇಲೆ ಇಟ್ಟುಬಿಟ್ಟರು. ತೊಗರಿ ಕೊಯ್ಯಲು ಬಂದಿದ್ದ ಉಳಿದ ಹೆಂಗಸರೂ ಅಲ್ಲೇ ಕುಳಿತರು.

ಅವರ ಮೊಬೈಲಿನಲ್ಲಿ ಒಂದು ಫೋಟೊ ಇತ್ತು. ಇದೇ ಹೊಲ, ಇದೇ ಬೇವಿನ ಮರ. ಮರದ ಕೆಳಗೆ ಚಿರತೆ. ಬೆಳಗಾಗುವಷ್ಟರಲ್ಲಿ ಅದು ಗೊಬ್ಬೂರಿನ ಮನೆಮನೆಗೂ ತಲುಪಿತ್ತು.

ಮಲ್ಕಮ್ಮ ತನ್ನ ಹೊಲದ ಕಡೆ ನೋಡಿದಳು. ಕಾಯಿ ಒಣಗಿ ಸಿಡಿಯುತ್ತಿದ್ದವು. ಮೋಡವೂ ಕಟ್ಟಿತ್ತು. ಇಂದು ಕೊಯ್ಯದಿದ್ದರೆ ಬೆಳೆ ಮಣ್ಣುಪಾಲು.

ಅವಳ ಮೊಮ್ಮಗಳು, ಆರನೆಯ ತರಗತಿಯ ಪಂಚಶೀಲಾ, ಅಜ್ಜಿಯ ಸೆರಗು ಜಗ್ಗಿದಳು.

"ಆಯಿ, ಅದು ಖರೇ ಚಿರತಿ ಅಲ್ಲ. ಅಪ್ಪನ ಮೊಬೈಲದಾಗ ಎಐ ಆ್ಯಪ್ ಅದ. ನಾನೇ ಮಾಡೀನಿ. ಸುಮ್ನ ಮಜಾಕ್ಕ ಕ್ಲಾಸ್ ಗ್ರೂಪಿಗೆ ಹಾಕಿದ್ನಿ."

ಸರ್ವರಬೇಗಂ ನಕ್ಕರು. "ಮಲ್ಕಮ್ಮಕ್ಕ, ಮೊಮ್ಮಗಳಿಗಿ ಛಲೋ ಕಲಿಸೀದಿ. ಕೆಲಸ ನಿಂದ್ರಬಾರದಂತ ಸುಳ್ಳು ಹೇಳಾಕತ್ತಾಳ."

"ನಾ ಏನೂ ಕಲಿಸಿಲ್ಲವ್ವ," ಎಂದಳು ಮಲ್ಕಮ್ಮ. ಆದರೆ ಅವಳೂ ಹೊಲಕ್ಕೆ ಇಳಿಯಲಿಲ್ಲ.

ಪಂಚಶೀಲಾ ಕೈಯಲ್ಲಿದ್ದ ಅಪ್ಪನ ಮೊಬೈಲಿನಲ್ಲಿ ಅದೇ ಬದುವಿನ ಫೋಟೊ ತೆಗೆದು, ಅದರಲ್ಲಿ ಒಂದು ಆನೆ ನಿಲ್ಲಿಸಿ ತೋರಿಸಿದಳು.

"ಆನಿ ಸುಳ್ಳಂತ ಕಣ್ಣಿಗೇ ಕಾಣಸ್ತದ," ಎಂದರು ಸರ್ವರಬೇಗಂ. "ತೊಗರಿ ಒಳಗ ಏನದ ಯಾರು ನೋಡ್ಯಾರ? ನಿನ್ನಿ ಫೋಟೊ ಕಳಿಸ್ದಾಕಿನೂ ನೀನೇ, ಇವತ್ತು ಸುಳ್ಳನ್ನಾಕಿನೂ ನೀನೇ. ಯಾವ ಮಾತು ಹಿಡೀಲಿ?"

ಪಂಚಶೀಲಾ ಮೊಬೈಲನ್ನು ಅಜ್ಜಿಯ ಕೈಗಿಟ್ಟು ತೊಗರಿ ಸಾಲಿನೊಳಗೆ ಹೊಕ್ಕಳು.

"ನಿಂದ್ರ ಬೇ, ಎಲ್ಲಿಗಿ ಹೊಂಟಿ?" ಮಲ್ಕಮ್ಮ ಕೂಗಿದಳು.

ಗಿಡಗಳು ಅವಳಿಗಿಂತ ಎತ್ತರ. ಚಿರತೆ ಇಲ್ಲವೆಂದು ಖಚಿತವಾಗಿ ಬಲ್ಲವಳು ಊರಿಗೆಲ್ಲ ಅವಳೊಬ್ಬಳೇ. ಆದರೂ ಒಣ ಎಲೆ ಸರಬರ ಎಂದಾಗ ನಿಂತು ಸುತ್ತ ನೋಡಿದಳು. ಬೇವಿನ ಮರದ ಬುಡ ಮುಟ್ಟಿ, ಕೈ ಎತ್ತಿ, "ಇಲ್ಲಿ ಏನೂ ಇಲ್ರಿ," ಎಂದು ಕೂಗಿದಳು.

ಮಲ್ಕಮ್ಮ ಬಾಗಿ ಮಣ್ಣು ಮುಟ್ಟಿ, ಕಣ್ಣಿಗೆ ಒತ್ತಿಕೊಂಡು ಹೊಲಕ್ಕೆ ಇಳಿದಳು. ಅವಳ ಹಿಂದೆ ಸರ್ವರಬೇಗಂ, ಅವರ ಹಿಂದೆ ಉಳಿದವರು.

"ನೀ ನಮ್ಮ ಮುಂದೇ ಇರಬೇಕು ನೋಡು," ಎಂದರು ಸರ್ವರಬೇಗಂ. "ಚಿರತಿ ಬಂದ್ರ ಮೊದಲು ನಿನ್ನ ಗುರುತು ಹಿಡೀಲಿ. ಅದನ್ನ ಹುಟ್ಟಿಸ್ದಾಕಿ ನೀನೇ ಅಲಾ?"

ಹೆಂಗಸರೆಲ್ಲ ನಕ್ಕರು. ಪಂಚಶೀಲಾ ನಗಲಿಲ್ಲ.

ಮಧ್ಯಾಹ್ನ ಪಕ್ಕದ ಸಾಲಿನಲ್ಲಿ ಏನೋ ಮಿಸುಕಿತು. ಕುಡುಗೋಲುಗಳು ನಿಂತವು.

"ಏನದು, ಪಂಚಶೀಲಾ?" ಅಜ್ಜಿ ಕೇಳಿದಳು.

ಏನೂ ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಂಚಶೀಲಾ ಅದನ್ನು ನುಂಗಿದಳು. ಎದ್ದು ಹೋಗಿ, ಎರಡೂ ಕೈಯಿಂದ ಗಿಡ ಸರಿಸಿ, ಬಗ್ಗಿ ನೋಡಿದಳು.

"ಗೌಜಲ ಹಕ್ಕಿ, ಆಯಿ. ಎರಡು ಅದಾವ."

ಕುಡುಗೋಲುಗಳು ಮತ್ತೆ ಆಡತೊಡಗಿದವು.