ನೀಲಕವಚ ಸತ್ತನೇ?

ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ಹೊತ್ತ ಗಾಡಿ ತಿಕೋಟಾದ ಶೀತಲಗೃಹದ ಮುಂದೆ ಬಂದು ನಿಂತಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಹಮಾಲರು ಒಳಗಿನ ಕೋಣೆಯ ಅಗಳಿ ಸರಿಸಿ ದಪ್ಪನೆಯ ಬಾಗಿಲನ್ನು ಎಳೆದರು. ತಣ್ಣನೆಯ ಗಾಳಿ ಹೊರಗೆ ನುಗ್ಗಿತು. ಅದರ ಬೆನ್ನಿಗೇ ಒಂದು ಕೈ ಹೊರಬಿತ್ತು.

ಉಗುರು ಒಡೆದು ರಕ್ತ ಹೆಪ್ಪುಗಟ್ಟಿದ್ದ ಕೈ.

ಬಾಗಿಲಿಗೆ ಒರಗಿ ಕುಳಿತಿದ್ದ ಹುಡುಗಿ ಆಸರೆ ತಪ್ಪಿ ಹೊರಗೆ ಉರುಳಿದಳು. ಮೈಗೆ ಖಾಲಿ ಗೋಣಿಚೀಲ ಸುತ್ತಿಕೊಂಡಿದ್ದಳು. ತುಟಿ ನೀಲಿಗಟ್ಟಿತ್ತು.

"ಯಾ ಅಲ್ಲಾ! ಸಮ್ರೀನ!"

ಶೀತಲಗೃಹದ ಮಾಲೀಕ ಮೌಲಾಸಾಬ ಓಡಿಬಂದು ಮಂಡಿಯೂರಿದ. ಬಿದ್ದವಳು ಅವನ ಒಬ್ಬಳೇ ಮಗಳು. ಆ ಕೋಣೆಯ ತಂಪಿನ ಯಂತ್ರವನ್ನು ಮಧ್ಯಾಹ್ನ ಚಾಲೂ ಮಾಡಿದ್ದು ಅವನದೇ ಕೈ.

ವಿಜಯಪುರದ ಆಸ್ಪತ್ರೆಯ ಪಡಸಾಲೆಯಲ್ಲಿ ಸಬ್‌ ಇನ್‌ಸ್ಪೆಕ್ಟರ್ ರಾಜೇಶ್ವರಿ ಅವನನ್ನು ಕಂಡಾಗ, ಅವನು ತನ್ನ ಆ ಕೈಯನ್ನೇ ನೋಡುತ್ತ ಕುಳಿತಿದ್ದ.

"ಜೀವಕ್ಕ ಅಪಾಯ ಇಲ್ಲ ಅಂದಾರ ಡಾಕ್ಟರು. ಧೈರ್ಯ ತಗೋರಿ," ಎಂದಳು ರಾಜೇಶ್ವರಿ.

"ದನಿ ಹೋಗೇತ್ರಿ ಮೇಡಂ. ಒದರಿ ಒದರಿ ಗಂಟಲಾ ಹರಕೊಂಡಾಳ. ತಿರುಗಿ ಬರತೈತೋ ಇಲ್ಲೋ, ಈಗ ಹೇಳಾಕ ಆಗೂದಿಲ್ಲಂತ."

"ಬಾಗಲಾ ಒಳಗಿಂದ ತೆಗಿಯಾಕ ಬರೂದಿಲ್ಲೇನು?"

"ಹಿಡಿಕಿ ಮುರದೈತ್ರಿ. ಇವತ್ತ ಮಾಡಸ್ತೀನಿ, ನಾಳೆ ಮಾಡಸ್ತೀನಿ ಅನಕೋತ ಬಿಟ್ಟೆ."

"ಖಾಲಿ ಕೋಣ್ಯಾಗ ಅಕಿಗೇನು ಕೆಲಸಿತ್ತು?"

ಮೌಲಾಸಾಬ ಹೇಳಿದ. ಸಮ್ರೀನ ಸಂಗು, ಅಶ್ಫಾಕ, ಶೈಲಾ ಎಂಬ ಮೂವರ ಜೊತೆ ಸೂಪರ್‌ಹೀರೊ ಸಿನಿಮಾಗಳ ಬಗ್ಗೆ ಮಾತಾಡುವ ಒಂದು ಯೂಟ್ಯೂಬ್ ವಾಹಿನಿ ನಡೆಸುತ್ತಿದ್ದಳು. ಮಾಲು ಇಲ್ಲದಾಗ ಆ ಕೋಣೆ ಅವಳ ಸ್ಟುಡಿಯೋ. ಗೋಡೆ ದಪ್ಪ, ಹೊರಗಿನ ಸದ್ದು ಒಳಗೆ ಬಾರದು, ಒಳಗಿನದು ಹೊರಗೆ ಹೋಗದು, ಬಾಗಿಲು ಮುಚ್ಚಿದರೆ ಫೋನಿಗೆ ಸಿಗ್ನಲ್ಲೂ ಸಿಗದು. ಅವಳ ದನಿ ಕೇಳಿ ಮೆಚ್ಚಿದ ಮುಂಬಯಿಯ ಡಬ್ಬಿಂಗ್ ಸಂಸ್ಥೆಯೊಂದು ಒಂದಿಷ್ಟು ಸಂಭಾಷಣೆ ಓದಿ ಕಳಿಸಲು ಹೇಳಿತ್ತು. ಅಂದೇ, ಶುಕ್ರವಾರ ಸಂಜೆಯೊಳಗೆ ಕಳಿಸಬೇಕಿತ್ತು. ಒಪ್ಪಿಗೆಯಾದರೆ ಅಲ್ಲೇ ಕೆಲಸ.

"ಅಕಿ ಒಳಗ ಹೋಗಿದ್ದು ನಿಮಗ ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ. ನಾ ಜುಮ್ಮಾ ನಮಾಜಿಗೆ ಹ್ವಾದೆ. ತಿರುಗಿ ಬಂದು ದೂರಿಂದ ನೋಡಿದ್ರ ಬಾಗಲಕ್ಕ ಅಗಳಿ ಬಿದ್ದಿತ್ತು. ಕೆಲಸ ಮುಗಿಸಿ ಗೆಳ್ಯಾರ ಕೂಡ ಸಿನಿಮಾಕ್ಕ ಹೋಗ್ಯಾಳ ಅಂತ ತಿಳಕೊಂಡ್ನಿ. ಸಂಜೀಕ ಮಾಲು ಬರೂದಿತ್ತು, ಮಷೀನು ಹಚ್ಚಿ ಆಫೀಸಿಗೆ ಹ್ವಾದೆ."

ಅಗಳಿ ತಾನಾಗಿ ಬೀಳುವಂಥದ್ದಲ್ಲ. ತಿರುಗಿಸಿ, ಒತ್ತಿ, ಕೊಂಡಿಗೆ ಸಿಕ್ಕಿಸಬೇಕು. ಸಮ್ರೀನಳ ಫೋನಿನಲ್ಲಿ ರೆಕಾರ್ಡಿಂಗ್ ನಡೆದೇ ಇತ್ತು. ರಾಜೇಶ್ವರಿ ಕಿವಿಗೊಟ್ಟಳು. ಸ್ಪಷ್ಟವಾದ, ತುಂಬುದನಿಯ ಓದು. ಧಪ್ ಎಂದು ಬಾಗಿಲು. ಅಗಳಿಯ ಸದ್ದು. "ಯಾರದು? ಅಬ್ಬಾ? — ಯಾರದೀರಿ ಹೊರಗ?" ಆಮೇಲೆ ಬಾಗಿಲು ಬಡಿಯುವ ಸದ್ದು. ಬಡಿಯುತ್ತಲೇ ಇದ್ದಳು.

ಹೊರಗಿನಿಂದ ಒಂದು ಮಾತೂ ಇರಲಿಲ್ಲ.

ಹಾಸಿಗೆಯಲ್ಲಿದ್ದ ಸಮ್ರೀನಳಿಗೆ ಮಾತಾಡಲು ಆಗುತ್ತಿರಲಿಲ್ಲ; ರಾಜೇಶ್ವರಿ ಕೇಳಿದ್ದಕ್ಕೆ ಸನ್ನೆಯಲ್ಲೇ ಉತ್ತರಿಸಿದಳು.

"ಯಾರನ್ನರೆ ನೋಡಿದ್ಯಾ?" — ಇಲ್ಲವೆಂದು ತಲೆಯಾಡಿಸಿದಳು.

"ಇವತ್ತ ನೀ ಆ ಕೋಣ್ಯಾಗ ಇರ್ತಿ ಅಂತ ಯಾರ್ಯಾರಿಗೆ ಗೊತ್ತಿತ್ತು? ಸಂಗುಗ? ಅಶ್ಫಾಕಗ? ಶೈಲಾಗ?"

ಮೂರು ಹೆಸರಿಗೂ ಅವಳು ಹೌದೆಂದು ಕಣ್ಣು ಮುಚ್ಚಿ ತೆರೆದಳು. ಮೂರನೆಯ ಸಲ ಕಣ್ಣಂಚಿನಿಂದ ನೀರಿಳಿಯಿತು.

ಮೂವರೂ ಆ ವಾಹಿನಿಯ ಜೊತೆಗಾರರು. ಮೂವರೂ ಠಾಣೆಗೆ ಬಂದರು.

ಸಂಗು ಬಬಲೇಶ್ವರದವನು. ವಾಹಿನಿಯ ಕ್ಯಾಮರಾ, ಎಡಿಟಿಂಗ್ ಎಲ್ಲ ಅವನದು.

"ಸಮ್ರೀನ ಮುಂಬಯಿಗೆ ಹ್ವಾದ್ರ ನಿನ್ನ ಚಾನಲ್ಲಿನ ಗತಿ ಏನು?"

"ಮುಚ್ಚತಿತ್ರಿ. ಅದಕ್ಕ ಅಕಿನ್ನ ಐಸಿನ್ಯಾಗ ಇಡಾಕ ನಾ ಏನು ರಾಕ್ಷಸೇನ್ರಿ?"

"ಮಧ್ಯಾಹ್ನ ಎಲ್ಲಿದ್ದಿ?"

"ಮ್ಯಾಟಿನಿ ಆಟದಾಗ. ನೀಲಕವಚದ ಮೂರನೇ ಭಾಗ, ಕಡೀ ಭಾಗ್ರಿ! ಸ್ಟೇಷನ್ ರಸ್ತೆ ಕಡೆ ಹಳೇ ಥೇಟರಿನ್ಯಾಗ. ನಾನ ಟಿಕೀಟು ತಗಸಿದ್ದೆ. ತಡಾ ಆಗಿತ್ತು, ಒಂದೊಂದು ಕುರ್ಚಿ ಒಂದೊಂದು ಮೂಲ್ಯಾಗ ಸಿಕ್ಕವು. ಹುಡುಗ್ಯಾರಿಗೆ ಅಷ್ಟ ಬಾಲ್ಕನಿಯೊಳಗ ಜೋಡಿ ಸೀಟು. ಸಮ್ರೀನ ಓದೂದು ಮುಗಿಸಿ ಬರತೀನಿ ಅಂದಿದ್ಳು."

"ಪೂರ್ತಿ ನೋಡಿದ್ಯಾ?"

"ನೋಡ್ದೆ. ಕೇಳೂದು ಮಾತ್ರ ಪೂರ್ತಿ ಆಗಲಿಲ್ಲ. ಕಡೀ ದೃಶ್ಯದಾಗ ಕರೆಂಟ್ ಹೋತು, ಜನರೇಟರ್ ಹಚ್ಚಿದ್ರು, ಚಿತ್ರ ಬಂತು, ಸೌಂಡ್ ಬರಲಿಲ್ಲ. ಜನ ಕುರ್ಚಿ ಒದ್ದು ಬಿಟ್ರು ನೋಡ್ರಿ."

ಅಶ್ಫಾಕ ಸಮ್ರೀನಳ ಸೋದರಮಾವನ ಮಗ. ಇಬ್ಬರ ಮದುವೆಯ ಮಾತು ಮನೆಯಲ್ಲಿ ನಡೆದಿತ್ತು. ಹಿಂದಿನ ದಿನ ಅವನು ಅವಳಿಗೆ ಕಳಿಸಿದ್ದ ಧ್ವನಿಸಂದೇಶವನ್ನು ರಾಜೇಶ್ವರಿ ಅವನಿಗೇ ಕೇಳಿಸಿದಳು: "ನೀ ಹೆಂಗ ಹೋಗ್ತಿ ನಾನೂ ನೋಡ್ತೀನಿ!"

ಅವನ ಮುಖ ಬಿಳುಪೇರಿತು. "ಸಿಟ್ಟಿನ್ಯಾಗ ಅಂದಿದ್ರಿ. ಆಟ ಬಿಟ್ಟ ಮ್ಯಾಲ ಮಾಫಿ ಕೇಳಬೇಕಂತ ಫೋನ್ ಹಚ್ಚಿದೆ. ಹತ್ತಲಿಲ್ಲ."

"ಥೇಟರಿನ್ಯಾಗ ನಿನ್ನ ಬಾಜೂಕ ಯಾರಿದ್ರು?"

"ಗುರ್ತಿಲ್ರಿ."

"ಟಿಕೀಟು?"

"ಒಗದ್ನಿ."

ಅವನನ್ನು ರಾಜೇಶ್ವರಿ ಮನೆಗೆ ಕಳಿಸಲಿಲ್ಲ. ಬೆಂಚಿನ ಮೇಲೆ, ಗೋಡೆಗೆ ಬೆನ್ನು ಹಚ್ಚಿ ಕುಳಿತ ಅಶ್ಫಾಕ ಬಂದುಹೋಗುವವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. "ನಾ ಅಲ್ರಿ." ಯಾರೂ ತಿರುಗಿ ನೋಡಲಿಲ್ಲ.

ಶೈಲಾ ಕೊನೆಗೆ ಬಂದಳು. ಅವಳೂ ಬಬಲೇಶ್ವರದವಳೇ, ಬಸಲಿಂಗಯ್ಯನ ಹಿರಿಮಗಳು, ಸಮ್ರೀನಳ ಕಾಲೇಜು ಗೆಳತಿ. ಅತ್ತು ಅತ್ತು ಕಣ್ಣು ಬಾತಿದ್ದವು.

"ಬಾಲ್ಕನಿಯೊಳಗ ಒಬ್ಬಾಕೇ ಕುಂತಿದ್ಯಾ?"

"ಹೂಂರಿ. ಸಮ್ರೀನಳ ಕುರ್ಚಿ ಖಾಲಿ ಇತ್ತು."

"ಅಕಿ ಮುಂಬಯಿಗೆ ಹೋಗೂದು ನಿನಗ ಹೆಂಗ ಅನಿಸ್ತು?"

"ಖುಷಿ ಆತ್ರಿ. ಅಕೀ ದನಿ ಅಂಥಾದ್ದು." ಶೈಲಾ ಸೆರಗಿನಂತೆ ಓಢಣಿಯ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ಅಶ್ಫಾಕನ್ನ ಬಿಡ್ರಿ ಮೇಡಂ. ಅಂವ ಹಂಗ ಮಾಡಾಂವಲ್ಲ."

ಎಲ್ಲರೂ ಆಟದಲ್ಲಿದ್ದೆವೆನ್ನುತ್ತಾರೆ. ಆಟ ಬಿಟ್ಟ ಕೂಡಲೇ ಥೇಟರಿನ ಮುಂದೆ ನಿಂತು ಮಾಡಿದ ಲೈವ್ ವಿಡಿಯೋದಲ್ಲಿ ಮೂವರೂ ಇದ್ದಾರೆ. ಹಾಗಾದರೆ ತಿಕೋಟಾದಲ್ಲಿ ಅಗಳಿ ಹಾಕಿದವರು ಯಾರು?

ರಾಜೇಶ್ವರಿ ಆ ವಿಡಿಯೋ ಹಚ್ಚಿದಳು. ನೀಲಕವಚ ಎಂಬ ಆ ಸೂಪರ್‌ಹೀರೊ ಯಾರೆಂದೇ ಅವಳಿಗೆ ಗೊತ್ತಿರಲಿಲ್ಲ. ಕಡೆಯ ದೃಶ್ಯದಲ್ಲಿ ಕಡಲ ನೀರು ನುಗ್ಗುವ ಸುರಂಗದೊಳಗೆ ನಿಂತು, ಊರು ಉಳಿಯಲೆಂದು ಅವನು ಕಬ್ಬಿಣದ ಬಾಗಿಲನ್ನು ತನ್ನ ಮೇಲೆಯೇ ಮುಚ್ಚಿಕೊಳ್ಳುತ್ತಾನೆ, ಬಾಗಿಲ ಗಾಜಿನಾಚೆ ನಿಂತ ತಂಗಿಗೆ ಏನೋ ಹೇಳುತ್ತಾನೆ, ಪರದೆ ಕಪ್ಪಾಗುತ್ತದೆ. ಅಷ್ಟು ತಿಳಿಯಿತು. ಜಗಳ ಅದರ ಮೇಲೆಯೇ.

"ಸತ್ತ! ಮುಗೀತು! ಮೂರು ಭಾಗದ ಕಥಿ ಅಂದ್ರ ಕಡೀಕ ಸಾಯಲೇಬೇಕು," ಎಂದು ಸಂಗು ಕೂಗುತ್ತಿದ್ದ.

"ಎಲ್ಲಿ ಸತ್ತಾನಲೇ? ಹೆಣಾ ತೋರ್ಸ್ಯಾರೇನು?" ಅಶ್ಫಾಕನ ಪ್ರಶ್ನೆ.

"ಹೆಣಾ ತೋರಿಸಿದ್ರ ನಿನ್ನಂಥಾವ್ರು ಥೇಟರಿಗೆ ಬೆಂಕಿ ಹಚ್ಚತೀರಿ, ಅದಕ್ಕ ತೋರ್ಸಿಲ್ಲ."

"ಬಾಗಲಾ ಮುಚ್ಚಿದ್ದು ಅಂವನ. ತೆಗಿಯಾಕೂ ಅವಗ ಬರತೈತಿ!"

ಸುತ್ತ ನಿಂತವರು ಸೀಟಿ ಹೊಡೆದರು. ಫೋನು ಶೈಲಾಳ ಕಡೆ ತಿರುಗಿತು. ಅವಳಿಗೆ ಮಾತಾಡುವ ಮನಸ್ಸಿದ್ದಂತಿರಲಿಲ್ಲ. ಕಣ್ಣು ರಸ್ತೆಯ ಮೇಲಿತ್ತು. ಸಂಗು ಬಿಡಲಿಲ್ಲ. "ನೀ ಹೇಳ ಶೈಲಾ, ಸತ್ತಾನೋ ಬದುಕ್ಯಾನೋ?"

"ಬದುಕ್ಯಾನ," ಎಂದಳು. "ಸಾಯಾಕ ತಯಾರಾದಾಂವನ ದನಿ ಹಂಗ ನಡಗೂದಿಲ್ಲ. ಅವಗ ಅಂಜಿಕಿ ಇತ್ತು. ಅಂಜಿದಾಂವ ಹೆಂಗರೆ ಮಾಡಿ ಹೊರಗ ಬರತಾನ."

"ಹೋ!" ಎಂದು ಗುಂಪು ಚಪ್ಪಾಳೆ ತಟ್ಟಿತು. ಸಂಗು ಮತ್ತೆ ಕೂಗತೊಡಗಿದ. ವಿಡಿಯೋ ಮುಗಿಯಿತು.

ರಾಜೇಶ್ವರಿ ಅದನ್ನು ಮತ್ತೆ ಹಚ್ಚಿದಳು. ಮತ್ತೊಮ್ಮೆ. ಆಮೇಲೆ ಟೊಪ್ಪಿಗೆ ಎತ್ತಿಕೊಂಡು ಥೇಟರಿನ ಕಡೆ ಜೀಪು ತಿರುಗಿಸಲು ಹೇಳಿದಳು.

ಮರುದಿನ ಬೆಳಿಗ್ಗೆ ಮೂವರನ್ನೂ ಶೀತಲಗೃಹಕ್ಕೆ ಕರೆಸಿದಳು. ಯಂತ್ರ ನಿಂತಿತ್ತು. ಕೋಣೆಯ ಬಾಗಿಲು ತೆರೆದೇ ಇತ್ತು, ಅದರ ಒಳಮೈ ಮೇಲೆ ಉಗುರಿನ ಗೀರುಗಳು ಕಾಣುತ್ತಿದ್ದವು. ಮೌಲಾಸಾಬ ಅತ್ತ ನೋಡದೆ ನಿಂತಿದ್ದ.

"ಕೋಣ್ಯಾಗ ಬರ್ರಿ," ಎಂದಳು ರಾಜೇಶ್ವರಿ.

ಸಂಗು ಹೋದ. ಅಶ್ಫಾಕ ಹೋದ. ಶೈಲಾ ಹೊಸ್ತಿಲಲ್ಲೇ ನಿಂತಳು.

"ಇರ್ಲಿ, ಅಲ್ಲೇ ನಿಂದರು. ನನಗ ನಿಮ್ಮ ಸಿನಿಮಾದ್ದು ಒಂದು ಸಂಶಯ ಐತಿ. ಸಂಗು, ಕಡೀಕ ನೀಲಕವಚ ಮಾತಾಡ್ತಾನಲ್ಲ, ದನಿ ಹೆಂಗಿತ್ತು? ಗಟ್ಟಿ ಇತ್ತೋ, ನಡುಗತಿತ್ತೋ?"

ಸಂಗು ಬೆರಗಾದ. "ದನಿ ಎಲ್ಲೀದ್ರಿ? ಸೌಂಡೇ ಇರಲಿಲ್ಲ ಅಂತ ಹೇಳಿದೆನಲ್ಲ. ತುಟಿ ಅಷ್ಟ ಅಲಗ್ಯಾಡಿದ್ದು."

"ಅಶ್ಫಾಕ?"

"ಏನೂ ಕೇಳ್ಸಲಿಲ್ರಿ. ಜನ ಒದರಾಕತ್ತಿದ್ರು."

"ಶೈಲಾ?"

ಶೈಲಾ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ದನಿ ನಡುಗಿತು ಅಂದಿ ನಿನ್ನೆ. ಎಲ್ಲಾರ ಮುಂದ ಅಂದಿ. ಇವರು ಜಗಳದ ಗದ್ದಲದಾಗ ಲಕ್ಷ್ಯ ಕೊಡಲಿಲ್ಲ. ಇಡೀ ಥೇಟರಿಗೆ ಕೇಳದ ದನಿ ನಿನಗೊಬ್ಬಾಕಿಗೆ ಹೆಂಗ ಕೇಳ್ತು?"

"ಫೋನಿನ್ಯಾಗ — ಯಾರೋ ಹಾಕಿದ್ರು, ನೋಡಿದ್ನಿ..."

"ಆಟ ನೋಡಿ ಹೊರಗ ಬಂದು ನಿಲ್ಲೂದ್ರಾಗ? ಇಲ್ಲ ಶೈಲಾ. ಮ್ಯಾಟಿನಿಗಿಂತ ಮೊದಲ ಬೆಳಗಿನ ಆಟ ಇತ್ತು. ಅದರಾಗ ಸೌಂಡ್ ಚಲೋ ಇತ್ತು. ಆ ಆಟಕ್ಕ ಒಬ್ಬಾಕೇ ಬಂದ ಹುಡುಗಿನ್ನ ಬಾಗಲಾ ಕಾಯೋ ಸಬೀರಾ ನೆನಪಿಟ್ಟಾಳ. ನಿನ್ನ ಫೋಟೋ ನೋಡಿ ಗುರ್ತು ಹಿಡದ್ಳು. ಮ್ಯಾಟಿನಿಗೆ ನೀ ಒಳಗ ಹೋಗೇ ಇಲ್ಲ. ಆ ಹೊತ್ತಿನ್ಯಾಗ ತಿಕೋಟಾ ಬಸ್ ಹತ್ತಿ ಇಲ್ಲಿಗೆ ಬಂದಿ. ಮೌಲಾಸಾಬರು ನಮಾಜಿಗೆ ಹೋಗಿದ್ರು. ಅಗಳಿ ಹಾಕಿದಾಕಿ ನೀನು. ತಿರುಗಿ ಹೋಗಿ, ಆಟ ಬಿಟ್ಟ ಜನರೊಳಗ ಕೂಡಿಕೊಂಡಿ."

"ಸುಳ್ಳ ಅನ್ನ ಬೇ ಶೈಲಾ," ಎಂದ ಸಂಗು. ಅವನ ದನಿ ಬೇಡುವಂತಿತ್ತು.

ಶೈಲಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಹೇಳಬೇಕಂತ ಬಂದಿದ್ನಿ," ಎಂದಳು. "ಹೋಗಬ್ಯಾಡ ಅಂತ ಕಾಲ ಹಿಡಿಬೇಕಂತ. ನಮ್ಮ ಮನ್ಯಾಗ ನನ್ನ ಒಬ್ಬಾಕಿನ್ನ ಎಲ್ಲೂ ಬಿಡೂದಿಲ್ರಿ. ಸಮ್ರೀನ ಬಂದು ಕರದ್ರ ಅಪ್ಪ ಬಿಡ್ತಾನ. ಅಕಿ ಅಂದ್ರ ಅವಗ ಭರೋಸೆ. ಅರಕೇರಿ ಊರಿಂದ ಲಗ್ನದ ಸಂಬಂಧ ಬಂದೈತಿ, ಅಲ್ಲೂ ಹಂಗೇ ಅಂತ. ಅಕಿ ಹ್ವಾದ ಮ್ಯಾಲ ನನಗ ಹೊರಗ ಅನ್ನೂದ ಇಲ್ಲ. ನಿನ್ನೆ ಸಮ್ರೀನ ಕೂಡ ಅದಾಳಂತ ಸುಳ್ಳ ಹೇಳಿ, ಬೆಳಗಿನ ಆಟಕ್ಕ ಒಬ್ಬಾಕೇ ಕುಂತೆ. ಜೀವನದಾಗ ಒಮ್ಮೆ."

"ಮುಂದ?"

"ಇಲ್ಲಿ ಬಂದ್ನಿ. ಬಾಗಲಾ ಅರ್ಧ ತೆರದಿತ್ತು. ಓದಾಕತ್ತಿದ್ಳು. ನಕ್ಕೋತ ಓದಾಕತ್ತಿದ್ಳು. ಹೊರಗ ನಿಂತು ಕೇಳಿದೆ. ನನಗ — ಗೊತ್ತಿಲ್ರಿ. ಸಂಜೀತನಕ ಕಳಸದಿದ್ರ ಸಾಕು ಅನಿಸ್ತು. ಕೈ ತಾನ ಹೋತು."

"ಅಕಿ ಕೂಗಿದ್ದು ಕೇಳ್ಸಲಿಲ್ಲೇನು?"

"ಬಡಿಯೂದು ಕೇಳ್ಸಿತು." ಶೈಲಾ ಗೀರುಗಳನ್ನು ನೋಡಿದಳು, ನೋಟ ಕೀಳಲಾಗಲಿಲ್ಲ. "ಮೌಲಾಸಾಬ ಮಾವಾರು ಈಗ ಬರತಾರ, ತೆಗೀತಾರ ಅಂತ ಓಡಿ ಹ್ವಾದೆ. ಮಷೀನು ಹಚ್ಚತಾರ ಅಂತ ದೇವರಾಣಿ ಗೊತ್ತಿರಲಿಲ್ರಿ. ಥೇಟರ್ ಮುಂದ ಅಶ್ಫಾಕ ಅಕಿಗೆ ಫೋನ್ ಹಚ್ಚಿದ, ಹತ್ತಲಿಲ್ಲ. ಆಗ ತಿಳೀತು, ಇನ್ನೂ ಒಳಗ ಅದಾಳ ಅಂತ. ಮಾವಾರಿಗೆ ರಿಂಗ್ ಕೊಟ್ನಿ. ಅವರು ಎತ್ತೂದ್ರಾಗ ಕಟ್ ಮಾಡಿದ್ನಿ."

"ಯಾಕ?"

"ಹೇಳಿದ್ರ ನಾನ ಅಂತ ಗೊತ್ತಾಗತಿತ್ತಲ್ರಿ."

ಮೌಲಾಸಾಬ ಮೊದಲ ಬಾರಿಗೆ ಅವಳತ್ತ ತಿರುಗಿದ. "ನಿನಗ ನಮ್ಮ ಮನ್ಯಾಗ ಬ್ಯಾರೆ ತಾಟು ಇತ್ತೇನ ಬೇಟಿ?" ಎಂದ. ಅಷ್ಟೇ ಎಂದು ಹೊರಗೆ ಬಿಸಿಲಿಗೆ ಹೋಗಿ ನಿಂತ. ಅಶ್ಫಾಕ ಅವನ ಹಿಂದೆ ಹೋದ.

ಸಂಜೆಯ ಹೊತ್ತಿಗೆ ಶೈಲಾಳ ತಾಯಿ ರುದ್ರವ್ವ ಠಾಣೆಗೆ ಬಂದಳು. ಮಗಳನ್ನು ನೋಡಲು ಬಿಟ್ಟರು. ಸರಳಿನಾಚೆ ನಿಂತ ಶೈಲಾ "ಯವ್ವಾ" ಎಂದಳು. ರುದ್ರವ್ವ ಅವಳ ಕಡೆ ನೋಡಲಿಲ್ಲ, ರಾಜೇಶ್ವರಿಯ ಕಡೆ ತಿರುಗಿ ಹೇಳಿದಳು:

"ಹೊರಗ ಬಿಟ್ಟಿದ್ದ ತಪ್ಪಾತ್ರಿ ಮೇಡಂ. ಇವರಪ್ಪ ಮೊದಲ ಹೇಳಿದ್ದ, ನಾನ ಕೇಳಲಿಲ್ಲ. ಮನ್ಯಾಗ ಇನ್ನೂ ಇಬ್ರು ಸಣ್ಣಾಕಿಗಳದಾರ. ಇವತ್ತ ಸಾಲಿ ಬಿಡಸಿ ಬಂದ್ನಿ."

ಅಲ್ಲಿಯವರೆಗೆ ಗೋಡೆಯಂತೆ ನಿಂತಿದ್ದ ಶೈಲಾ ಸರಳು ಹಿಡಿದು ಚೀರಿದಳು. "ಬ್ಯಾಡಬೇ! ಅವರೇನು ಮಾಡ್ಯಾರ? ಯವ್ವಾ, ಮಾಡಿದ್ದು ನಾನು! ಅವರನ್ನ ಬಿಡಬೇ ಹೊರಗ — ಮೇಡಂ, ನೀವರೆ ಹೇಳ್ರಿ!"

ರುದ್ರವ್ವ ಸೆರಗು ಹೊದ್ದು ಆಗಲೇ ಮೆಟ್ಟಿಲಿಳಿದಿದ್ದಳು. ಬಬಲೇಶ್ವರದ ಬಸ್ಸಿಗೆ ಹೊತ್ತಾಗಿತ್ತು. ರಾಜೇಶ್ವರಿ ಕುರ್ಚಿಯಿಂದೆದ್ದು, ಮೇಜಿನ ಮೇಲಿನ ಕಡತವನ್ನು ಹಾಗೇ ಬಿಟ್ಟು, ಅವಳ ಹಿಂದೆ ಓಡಿದಳು.

"ಏ ಯವ್ವಾ — ನಿಲ್ರಿ! ನನ್ನ ಮಾತೊಂದು ಕೇಳಿ ಹೋಗ್ರಿ!"