ಮುಖ ಅರಳುವವರೆಗೂ ಕೊಸರು

ಪುರಿ ನನ್ನ ಎದೆಮಟ್ಟಕ್ಕೆ ಬಂದಿತ್ತು.

ಕಡ್ಲೆಪುರಿ! ಸಾಲಿಗ್ರಾಮದ ಭಟ್ಟಿಯಿಂದ ಬೆಳಿಗ್ಗೆಯಷ್ಟೇ ಬಂದಿಳಿದ, ಗರಿಗರಿಯಾದ ಕಡ್ಲೆಪುರಿ. ಅದರಲ್ಲಿ ಮುಳುಗಿ ಯಾರಾದರೂ ಸಾಯುತ್ತಾರಾ ಅಂತ ನಿಮಗೆ ನಗು ಬರಬಹುದು. ನಕ್ಕುಬಿಡಿ. ಅವತ್ತು ನಗಲು ಬಂದಿದ್ದರೆ ನಮಗೆ ಆ ಗತಿಯೇ ಬರುತ್ತಿರಲಿಲ್ಲ.

ಷಟರ್ ಮುಚ್ಚಿ ಸಿಕ್ಕಿಕೊಂಡಿತ್ತು. ಎದುರಿಗೆ ತಾನೇ ಓಡಾಡುವ ಯಂತ್ರದ ಬಂಡಿ. ಆನೆಯ ಸೊಂಡಿಲಿನಂಥ ಅದರ ಪೈಪು ಪುರಿ ಉಗುಳುತ್ತಲೇ ಇತ್ತು. ನನ್ನ ಪಕ್ಕದಲ್ಲಿ ಗೌರೀಶ್. ಕಂಪನಿಯ ಮ್ಯಾನೇಜರ್. ಟೈ ಅರ್ಧ ಮುಳುಗಿತ್ತು.

"ಆಫ್ ಮಾಡ್ರೀ ಇದನ್ನ!" ಅಂತ ಕಿರುಚಿದ.

"ಸ್ವಿಚ್ ಎಲ್ಲಿ?"

"ಕಿತ್ತಾಕ್ದೆ."

"ಯಾಕೆ?"

"ಆಫ್ ಆಗ್ಲಿ ಅಂತ..."

ಎಂಬಿಎ ಓದಿದವನು.

ನನ್ನ ಹೆಸರು ಉಷಾರಾಣಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ... ಈ ನಾಲ್ಕು ತಾಲ್ಲೂಕುಗಳಲ್ಲಿ ಪೊಲೀಸರಿಗೆ ಹೇಳಲಾಗದ, ದೇವರಿಗೆ ಹೇಳಿ ಪ್ರಯೋಜನವಿಲ್ಲದ ಕಷ್ಟಗಳನ್ನು ಬಗೆಹರಿಸುವುದು ನನ್ನ ಕಸುಬು. ಓಡಿಹೋದ ಗಂಡಂದಿರನ್ನು ಹುಡುಕಿ ತಂದಿದ್ದೇನೆ. ತಂದಮೇಲೆ ಬೇಡವೆಂದರೆ ವಾಪಸ್ ಬಿಟ್ಟೂ ಬಂದಿದ್ದೇನೆ.

ಈ ಕೇಸು ತಂದವರು ಆಮಿನಾಬಿ. ಹುಣಸೂರು ಬಸ್ ಸ್ಟ್ಯಾಂಡ್ ಪಕ್ಕದ ಪುರಿ ಅಂಗಡಿ ಅವರದು. ಆ ಅಂಗಡಿ ಸಾಲನ್ನೇ ಬೆಂಗಳೂರಿನ ಒಂದು ಕಂಪನಿ ಖರೀದಿಸಿತ್ತು. ಖರೀದಿಸಿದವರು ನೇರವಾಗಿ ಎಬ್ಬಿಸಿದ್ದರೆ ಗೂಂಡಾಗಿರಿ ಅನ್ನಬಹುದಿತ್ತು. ಇವರು ಓದಿದವರು. ಪ್ರಾಜೆಕ್ಟ್ ಮಾಡಿದರು.

'ಭವಿಷ್ಯದ ಅಂಗಡಿ!'

ನಾಳಿನ ಅಂಗಡಿ ಹೇಗಿರಬೇಕೆಂದು ಕಾಲೇಜಿನ ಮಕ್ಕಳು ಕನಸು ಕಾಣಬೇಕು. ಕಂಪನಿ ಆ ಕನಸನ್ನು ಬಾಚಿಕೊಳ್ಳಬೇಕು. ಕನಸು ಕಂಡವರಿಗೆ ಒಂದು ಸರ್ಟಿಫಿಕೇಟು, ಒಂದು ಟೀ ಶರ್ಟು. ಶರ್ಟಿನ ಮೇಲೂ ಕಂಪನಿಯದೇ ಹೆಸರು. ಮಿದುಳನ್ನು ಇಷ್ಟು ಸೋವಿಯಾಗಿ ಕೊಳ್ಳುವ ಸಂತೆ ನಾನು ಎಲ್ಲೂ ನೋಡಿಲ್ಲ.

ಆಮಿನಾಬಿಯ ಮೊಮ್ಮಗಳು ಮಾಹಿರಾ ಮತ್ತು ಅವಳ ಗೆಳತಿ ಹೇಮಶ್ರೀ, ಇಬ್ಬರೂ ಬಿಸಿಎ, ಆ ಪುರಿ ಅಂಗಡಿಯನ್ನೇ ಮಾಡೆಲ್ ಮಾಡಿಕೊಂಡರು. ಕಂಪನಿಯ ಷರತ್ತಿನಂತೆ, ಡೆಮೊ ದಿನ ಮಾಡೆಲ್ ಪಾಸಾದರೆ ಆಮಿನಾಬಿ ಅಲ್ಲೇ ವ್ಯಾಪಾರ ಮಾಡಿಕೊಂಡಿರಬಹುದು. ಫೇಲಾದರೆ ಅಂಗಡಿ ಖಾಲಿ ಮಾಡಬೇಕು. ಪರೀಕ್ಷೆ ಒಂದೇ. ಬಂದ ಗಿರಾಕಿ ಖುಷಿಯಾಗಬೇಕು.

ಗಿರಾಕಿ ಯಾರು ಗೊತ್ತಾ? ಗೌರೀಶ್!

ಅಲ್ಲಿ ತನ್ನ ಬಾಮೈದನ ಮೊಬೈಲ್ ಶೋರೂಂ ಮಾಡಿಸಲು ಅವನು ಬೋರ್ಡನ್ನೂ ಬರೆಸಿಟ್ಟಿದ್ದ. ಆಮಿನಾಬಿಗೆ ಅದು ಗೊತ್ತಿತ್ತು.

"ಆವಯ್ಯ ನಗಾಕಿಲ್ಲ ಅಂತ ತೀರ್ಮಾನ ಮಾಡ್ಕಂಡೇ ಬತ್ತಾನೆ ಕಣಮ್ಮ ಉಷಾ," ಅಂದರು. "ಅಂಗಡಿ ಹೋದ್ರೆ ನಾ ಎಲ್ಲಿ ಕೂತ್ಕಳ್ಳಿ? ಮನೇಲಿ ಕೂತ್ರೆ ದಿನಾ ಸೊಸೆ ಜೊತೆ ಜಗಳ ಆಡ್ಬೇಕು. ಅವ್ಳು ಪಾಪ ಒಳ್ಳೇವ್ಳು, ಗೆಲ್ಲಾಕೆ ಬರಾಕಿಲ್ಲ."

ಡೆಮೊ ದಿನ ಅಂಗಡಿಯ ಕಾವಲಿಗೆ ಬರುತ್ತೇನೆಂದು ಒಪ್ಪಿಕೊಂಡೆ. ನಾನು ಗೌರೀಶನಿಗೆ ಹೆದರಿಕೊಂಡಿದ್ದೆ. ಹೆದರಬೇಕಾಗಿದ್ದದ್ದು ಬಂಡಿಗೆ.

ಪುರಿ ಅಳೆದು ಕೊಟ್ಟಮೇಲೆ ಮೇಲೊಂದು ಹಿಡಿ ಹಾಕುವುದಿದೆಯಲ್ಲ, ಕೊಸರು, ಅದಿಲ್ಲದೆ ನಮ್ಮ ಕಡೆ ಯಾವ ವ್ಯಾಪಾರವೂ ಮುಗಿಯುವುದಿಲ್ಲ. ಕಂಪನಿ ಅದು ನಷ್ಟ, ಬೇಡ ಅಂದಿತ್ತು. ಹುಡುಗಿಯರು ಕೇಳಲಿಲ್ಲ. ಎಷ್ಟು ಕೊಸರು ಹಾಕುತ್ತೀಯ ನಾನಿ ಅಂತ ಆಮಿನಾಬಿಯನ್ನೇ ವಿಚಾರಿಸಿದರು. ಮುಖ ಅರಳೋವರೆಗೂ ಅಂದರಂತೆ ಆಮಿನಾಬಿ. ಅರಳದೆ ಹೊರಟುಬಿಟ್ಟರೆ? ಹಿಂದೆಯೇ ಓಡಿಹೋಗಿ ಹಾಕಿಬರುತ್ತೀನಿ ಅಂದರಂತೆ.

ಹುಡುಗಿಯರು ತಾವು ಕಟ್ಟಿದ ಬಂಡಿಯ ತಲೆಗೆ ಅದನ್ನೇ ತುಂಬಿದರು. ಕೆಳಗೆ ಚಕ್ರ, ಬೆನ್ನ ಮೇಲೆ ಮೂಟೆ, ಮುಂದೆ ಕ್ಯಾಮೆರಾ. ಗಿರಾಕಿಯ ಮುಖ ಅರಳಿದರೆ ಗಂಟೆ ಬಾರಿಸಿ ನಿಲ್ಲುತ್ತದೆ. ಇಲ್ಲದಿದ್ದರೆ ಇನ್ನೊಂದು ಹಿಡಿ. ಮೂಟೆ ಬರಿದಾದರೆ ಹಿಂದಿನ ಕೋಣೆಯ ದಾಸ್ತಾನಿಗೆ ತಾನೇ ಬಾಯಿ ಹಾಕುತ್ತದೆ. ಎಷ್ಟು ಹಿಡಿಗೆ ನಿಲ್ಲಿಸಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡನೇ ಹಿಡಿಗೂ ಅರಳದ ಮುಖವನ್ನು ಆ ಅಂಗಡಿಯಲ್ಲಿ ಯಾರೂ ಕಂಡಿರಲಿಲ್ಲ.

ಡೆಮೊ ದಿನ ಗೌರೀಶ್ ತನ್ನ ಬಾಸ್ ಪವಿತ್ರಾ ಮೇಡಂಗಿಂತ ಮೊದಲೇ ಬಂದ. ಹುಡುಗಿಯರು, ಆಮಿನಾಬಿ ಹೊರಗಿರುವಾಗಲೇ ಒಳಗೆ ನುಗ್ಗಿ, ಬಂಡಿ ಕೆಡಿಸಲೆಂದು ಷಟರ್ ಎಳೆಯತೊಡಗಿದ. ನಾನು ಅದರ ಕೆಳಗೇ ಉರುಳಿ ಒಳಸೇರಿದೆ. ಅಷ್ಟರಲ್ಲಿ ಅವನು ಬಂಡಿಯ ಸ್ವಿಚ್ಚಿಗೆ ಕೈ ಹಾಕಿ ಎಳೆದಿದ್ದ. ಬಂಡಿ ಆರಲಿಲ್ಲ. ಬ್ಯಾಟರಿಯ ಮೇಲಿತ್ತು. ಅದು ತಿರುಗಿ ಅವನ ಮುಖ ನೋಡಿತು. ಸಿಡುಕು ಮುಖ.

ಕೊಸರು ಶುರುವಾಯಿತು!

ಈಗ ಪುರಿ ಕುತ್ತಿಗೆಗೆ ಬಂದಿತ್ತು.

"ನಗು," ಅಂದೆ.

"ನಾನ್ಯಾಕೆ ನಗ್ಲಿ? ನಕ್ರೆ ಪಾಸಾಗುತ್ತೆ."

ಸತ್ತರೂ ಸರಿ, ನಗುವವನಲ್ಲ. ಶತ್ರುವಾದರೂ ಒಂದು ಗಳಿಗೆ ಮೆಚ್ಚಿಕೊಂಡೆ. ಅವನ ಬದಲು ನಾನೇ ಬಂಡಿಯ ಮುಂದೆ ಮುಖ ಚಾಚಿ ಹಲ್ಲು ತೋರಿಸಿದೆ. ಬಂಡಿ ಕೊಂಚ ಯೋಚಿಸಿತು... ಆಮೇಲೆ ಎರಡರಷ್ಟು ಉಗುಳಿತು. ಈ ಕಸುಬಿನಲ್ಲಿ ಮುಖ ಹೀಗೇ ಆಗಿಬಿಡುತ್ತದೆ.

ಕಾಪಾಡಿದ್ದು ಹಳೇ ಷಟರ್. ಅದು ಉಬ್ಬಿತು. ಕಿರುಗುಟ್ಟಿತು. ಢಮಾರ್!

ಪುರಿಯ ಹೊಳೆಯ ಜೊತೆಗೆ ನಾವಿಬ್ಬರೂ ಬಸ್ ಸ್ಟ್ಯಾಂಡಿಗೆ ಬಂದು ಬಿದ್ದೆವು. ಗೌರೀಶ್ ಎದ್ದವನೇ ಓಡಿದ. ಮುಖ ಅರಳದ ಗಿರಾಕಿ ಹೊರಟುಹೋಗುತ್ತಿದ್ದಾನೆ... ಬಂಡಿ ಬಿಡುತ್ತದೆಯೇ? ಹಿಂದೆಯೇ ಓಡಿತು. ಅದರ ಹಿಂದೆ ನಾನು. ನನ್ನ ಹಿಂದೆ ಇಬ್ಬರು ಹುಡುಗಿಯರು. ಕೊನೆಯಲ್ಲಿ, ಯಾವ ಅವಸರವೂ ಇಲ್ಲದೆ, ಆಮಿನಾಬಿ.

ಹೂವಿನವರ ಸಾಲು ದಾಟಿದ. ಬಂಡಿಯೂ ದಾಟಿತು. ಹೂವಿನವರು ನನ್ನ ವಂಶವನ್ನೆಲ್ಲ ಬೈದರು. ಆಟೊ ಹತ್ತಿದ. ಎಲ್ಲಿಗೆ ಅಂತ ಡ್ರೈವರ್ ಕೇಳುವಷ್ಟರಲ್ಲಿ ಸೊಂಡಿಲು ಒಳಗೆ ಬಂದಿತ್ತು. ಆಚೆ ಕಡೆಯಿಂದ ಹಾರಿದ. ಓಡುತ್ತಲೇ ತಿರುಗಿ, ನನ್ನ ಮೇಲೆ, ಹುಡುಗಿಯರ ಮೇಲೆ, ಅವರ ಕಾಲೇಜಿನ ಮೇಲೆ ಕೇಸು ಹಾಕುತ್ತೇನೆಂದು ಕೂಗಿದ. ಬಾಯಿ ತೆರೆದದ್ದೇ ತಪ್ಪಾಯಿತು. ಅದರ ತುಂಬ ಪುರಿ ಬಿತ್ತು.

ಕೊನೆಗೆ ಬೈಲಕುಪ್ಪೆಗೆ ಹೊರಟಿದ್ದ ಪ್ರೈವೇಟ್ ಬಸ್ಸಿನ ಹಿಂದಿನ ಏಣಿ ಹಿಡಿದು ಟಾಪ್ ಮೇಲೆ ಹತ್ತಿಬಿಟ್ಟ.

ಬಂಡಿ ಬಸ್ಸಿನ ಮುಂದೆ ಅಡ್ಡ ನಿಂತಿತು. ಸೊಂಡಿಲು ಮೇಲೆತ್ತಿತು.

ಆಕಾಶದಿಂದ ಪುರಿ ಮಳೆ! ಪ್ರಯಾಣಿಕರೆಲ್ಲ ಇಳಿದರು. ಹೆಂಗಸರು ಸೆರಗೊಡ್ಡಿದರು. ಕೆಂಪು ಬಟ್ಟೆಯ ಟಿಬೆಟನ್ ಸನ್ಯಾಸಿಯೊಬ್ಬರು ಕೊಡೆ ತಲೆಕೆಳಗು ಹಿಡಿದು ತುಂಬಿಸಿಕೊಂಡರು. ಕಂಡಕ್ಟರ್ ಮಲ್ಲೇಶ್ ಮೇಲೆ ನೋಡಿ, ಟಾಪ್ ಮೇಲೆ ಕೂತರೂ ಟಿಕೆಟ್ ತಗೋಬೇಕು ಅಂದ.

ಅದೇ ಹೊತ್ತಿಗೆ ಒಂದು ಕರಿ ಕಾರು ಬಂದು ಸಿಕ್ಕಿಕೊಂಡಿತು. ಪವಿತ್ರಾ ಮೇಡಂ ಇಳಿದರು. ಸುತ್ತಲೂ ನೋಡಿದರು. ಇದೇನಾ ಡೆಮೊ ಅಂತ ಕೇಳಿದರು. ಬಿಳಿಚಿಕೊಂಡಿದ್ದ ಮಾಹಿರಾ, ಹೌದು, ನಡೆಯುತ್ತಿದೆ ಅಂದಳು.

"ಫೇಲ್ ಮೇಡಂ!" ಮೇಲಿಂದ ಗೌರೀಶ್ ಕಿರುಚಿದ. "ಗಿರಾಕಿ ಖುಷಿಯಾಗಿಲ್ಲ!"

ನಿಯಮ ನಿಯಮವೇ. ಬಂಡಿ ನಿಲ್ಲುವವರೆಗೂ ಕಾಯುತ್ತೇನೆ ಅಂದರು ಮೇಡಂ. ಹೇಮಶ್ರೀ ನನ್ನ ಕಿವಿಯ ಹತ್ತಿರ ಬಂದಳು.

"ಉಷಕ್ಕ, ಬ್ಯಾಟರಿ ಮುಗೀತಾ ಬಂತು. ಗಂಟೆ ಹೊಡೀದೆ ನಿಂತ್ರೆ ನಾವು ಫೇಲು."

ಯೋಚಿಸಿದೆ. ಪುರಿಗೆ ಇವನು ನಗುವುದಿಲ್ಲ. ಜೋಕಿಗೆ ನಗುವುದಿಲ್ಲ. ಇಂಥವನ ಮುಖ ಅರಳುವುದು ಯಾವುದಕ್ಕೆ? ಇವನಂಥ ಮ್ಯಾನೇಜರುಗಳನ್ನು ಬೇಕಾದಷ್ಟು ನೋಡಿದ್ದೇನೆ. ಕೂತವರನ್ನು ಎಬ್ಬಿಸಿದಾಗ ಮಾತ್ರ ಅವರ ಮುಖಕ್ಕೆ ಬೆಳಕು ಬರುತ್ತದೆ.

ಆಮಿನಾಬಿಯ ಕಿವಿಯಲ್ಲಿ ಎರಡು ಮಾತು ಹೇಳಿದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿದರು. ನಂಬಬೇಕೋ ಬೇಡವೋ ಅನ್ನುವ ನೋಟ. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ತೆಗೆದರು. ಅದನ್ನು ಮೇಲೆತ್ತಿ ಹಿಡಿದರು.

"ಸೋತೋದೆ ಕಣಪ್ಪ," ಅಂದರು ಮೇಲೆ ನೋಡಿ. "ತಗಾ ಬೀಗದ ಕೈ. ಸಂಜೆ ಒಳ್ಗೆ ಸಾಮಾನು ಎತ್ಕಂಡೋಯ್ತೀನಿ. ಇಳ್ದು ಬಾ, ನೀನೇ ಬಾಗ್ಲು ಹಾಕು."

ನಾನೂ ತಲೆ ತಗ್ಗಿಸಿ ನಿಂತೆ. ಅಭ್ಯಾಸವಿಲ್ಲದ ಕೆಲಸ, ಕತ್ತು ಉಳುಕಿತು.

ಗೌರೀಶ್ ಇಳಿದು ಬಂದ. ಬಂಡಿ ಅವನ ಮುಂದೆಯೇ ಬಂದು ನಿಂತಿತು. ಅವನಿಗೆ ಅದರ ಪರಿವೆಯೂ ಇರಲಿಲ್ಲ. ಆಮಿನಾಬಿ ಅವನ ಅಂಗೈಗೆ ಬೀಗದ ಕೈ ಇಟ್ಟರು. ಅದನ್ನು ನೋಡಿದ. ಮುದುಕಿಯನ್ನು ನೋಡಿದ. ನನ್ನ ಬಗ್ಗಿದ ತಲೆ ನೋಡಿದ.

ಮೊದಲು ತುಟಿಯ ಒಂದು ಕೊನೆ ಅಲುಗಿತು. ಆಮೇಲೆ ಹಲ್ಲು ಕಂಡವು... ಆಮೇಲೆ ವಸಡು...

ಟಿಣ್!

ಬಂಡಿ ನಿಂತಿತು. ಸೊಂಡಿಲು ಇಳಿಯಿತು. ಅದರ ಸ್ಕ್ರೀನಿನ ಮೇಲೆ ಗೌರೀಶನ ಮುಖ, ಕಿವಿಯಿಂದ ಕಿವಿಯವರೆಗೆ ನಗು. ಕೆಳಗೆ ದಪ್ಪ ಅಕ್ಷರದಲ್ಲಿ: ಗಿರಾಕಿಗೆ ಖುಷಿಯಾಗಿದೆ.

ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಏನಾಯಿತೆಂದು ಅವರಿಗೆ ತಿಳಿದಿರಲಿಲ್ಲ. ಪುರಿ ತಿಂದ ಋಣ.

"ಇದು ಆ ನಗು ಅಲ್ಲ ಮೇಡಂ! ನಾನು ಪುರಿಗೆ ನಗ್ಲಿಲ್ಲ!"

"ಮತ್ತೆ ಯಾತಕ್ಕೆ ನಕ್ರಿ ಗೌರೀಶ್?" ಪವಿತ್ರಾ ಮೇಡಂ ಕೇಳಿದರು. "ಹೇಳಿ."

ಅವನು ಬಾಯಿ ತೆರೆದ. ಸುತ್ತ ನೋಡಿದ. ಸೆರಗೊಡ್ಡಿದ ಹೆಂಗಸರು, ಕಂಡಕ್ಟರು, ಹೂವಿನವರು, ಸನ್ಯಾಸಿ... ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದರು. ವಯಸ್ಸಾದ ಹೆಂಗಸಿನ ಅಂಗಡಿ ಕಿತ್ತುಕೊಂಡ ಸಂತೋಷಕ್ಕೆ ನಕ್ಕೆ ಅಂತ ಆ ಜನರೆದುರು ಹೇಳುವ ಧೈರ್ಯ ಅವನಿಗೂ ಇರಲಿಲ್ಲ.

ಟೈಗೆ ಅಂಟಿದ್ದ ಪುರಿ ಕೊಡವತೊಡಗಿದ.

ಆಮಿನಾಬಿ ಅವನ ಅಂಗೈಯಿಂದ ಬೀಗದ ಕೈ ಎತ್ತಿಕೊಂಡು ಮತ್ತೆ ಸೊಂಟಕ್ಕೆ ಸಿಕ್ಕಿಸಿದರು.

ಆಮಿನಾಬಿ ಅಂಗಡಿಯಲ್ಲೇ ಉಳಿಯುವ ಕರಾರಿಗೆ ಕಾರಿನ ಬಾನೆಟ್ ಮೇಲೆಯೇ ಸಹಿ ಬಿತ್ತು. ಮೇಡಂ ಒಳ್ಳೆಯವರೆಂದಲ್ಲ. ಸುತ್ತ ಅಷ್ಟು ಫೋನುಗಳು ವಿಡಿಯೊ ಮಾಡುತ್ತಿದ್ದವು. ಬಂಡಿ ಎಲ್ಲೇ ಹೋದರೂ ಅದರ ಮೇಲೆ ಮಾಹಿರಾ ಮತ್ತು ಹೇಮಶ್ರೀಯ ಹೆಸರಿರಬೇಕು, ಅವರ ಪಾಲು ಅವರಿಗೆ ಸಲ್ಲಬೇಕು ಅಂತ ನಾನು ಒಂದು ಸಾಲು ಸೇರಿಸಿದೆ. ನೀವು ಯಾರು ಅಂತ ಮೇಡಂ ನನ್ನನ್ನು ಕೇಳಿದರು.

"ನಮ್ ಕಡೆಯೋಳು," ಅಂದರು ಆಮಿನಾಬಿ.

ಗೌರೀಶ್ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಬ್ಬನೇ ಕೂತು ಶೂ ಬಿಚ್ಚಿ ಪುರಿ ಒದರುತ್ತಿದ್ದ. ನೋಡಿಯೂ ನೋಡದವಳಂತೆ ಹಾದುಹೋದೆ.

ಈ ಸೀಮೆಯಲ್ಲಿ ನಾನು ಅಳಿಸಿ ಮುಗಿಸಿದವರು ಬಹಳ ಜನ ಇದ್ದಾರೆ. ನಗಿಸಿ ಮುಗಿಸಿದ್ದು ಇವನೊಬ್ಬನನ್ನೇ.